ಹಳೇ ಕಾರಿನ ರಿವರ್ಸ್: ಕಾಯೋದಾ, ಸೆಕೆಂಡ್ ಹಾಕೋದಾ, ಆಯಿಲ್ ಬದಲಿಸೋದಾ?

ಹಳೇ ಕಾರನ್ನು ರಿವರ್ಸ್‌ಗೆ ಹಾಕುವಾಗ ಗೇರು ಕರಕರ ಅನ್ನುತ್ತದಲ್ಲ, ಅದಕ್ಕೆ ನನ್ನ ಓಟು ಸೆಕೆಂಡ್ ಗೇರಿಗೆ. ಕ್ಲಚ್ ಪೂರ್ತಿ ಒತ್ತಿ, ಮೊದಲು ಸೆಕೆಂಡ್‌ಗೆ ಹಾಕಿ, ಕ್ಲಚ್ ಬಿಡದೆ ಅಲ್ಲಿಂದ ಸೀದಾ ರಿವರ್ಸ್‌ಗೆ ತರುವುದು. ಗೇರ್ ಆಯಿಲಿಗೆ ದುಡ್ಡು ಸುರಿದ ಮೇಲೂ ನಾನು ಮಾಡುತ್ತಿರುವುದು ಇದನ್ನೇ.

ಮುಂಬೈನ ಮುಲುಂಡ್‌ನಲ್ಲಿ ನಮ್ಮದು ಹಳೇ ಹೌಸಿಂಗ್ ಸೊಸೈಟಿ. ಒಳಗೆ ಕಾರು ತಿರುಗಿಸಲು ಜಾಗವಿಲ್ಲ, ರಸ್ತೆಯಲ್ಲಿ ನಿಲ್ಲಿಸಿ ರಿವರ್ಸ್‌ನಲ್ಲೇ ಗೇಟು ಹೊಗಬೇಕು. ಗೇರು 'ಕರ್ರ್' ಅಂದರೆ ವಾಚ್‌ಮನ್ ಕೂಡ ತಿರುಗಿ ನೋಡುತ್ತಾನೆ.

ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ಸುಮ್ನೆ ಕೂರುವುದೂ ಕೆಲಸ ಮಾಡುತ್ತದೆ. ಕ್ಲಚ್ ಒತ್ತಿದ ಮೇಲೂ ಗೇರ್‌ಬಾಕ್ಸಿನ ಒಳಗಿನ ಶಾಫ್ಟ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಮುಂದಿನ ಗೇರುಗಳಲ್ಲಿ ವೇಗ ಹೊಂದಿಸಲು ಸಿಂಕ್ರೊ ರಿಂಗ್ ಇದೆ. ಹಳೇ ಕಾರುಗಳಲ್ಲಿ ರಿವರ್ಸ್‌ಗೆ ಹೆಚ್ಚಾಗಿ ಅದಿರುವುದಿಲ್ಲ, ಹಲ್ಲಿಗೆ ಹಲ್ಲು ನೇರ ತಾಗುತ್ತದೆ. ಕಾದರೆ ಶಾಫ್ಟ್ ತಾನೇ ನಿಲ್ಲುತ್ತದೆ, ಸೆಕೆಂಡ್ ಹಾಕಿದರೆ ಅದರ ಸಿಂಕ್ರೊ ತಕ್ಷಣ ನಿಲ್ಲಿಸುತ್ತದೆ. ಹಿಂದೆ ರಿಕ್ಷಾದವನು ಹಾರ್ನ್ ಒತ್ತುತ್ತಿರುವಾಗ ಕಾಯೋಕಾಗುತ್ತಾ? ಆದರೆ ಎರಡರಲ್ಲೂ ಗಾಡಿ ಪೂರ್ತಿ ನಿಂತಿರಲೇಬೇಕು. ಒಂಚೂರು ಉರುಳುತ್ತಿದ್ದರೂ ಕರಕರ ತಪ್ಪಿದ್ದಲ್ಲ.

ನನಗೆ ತಲೆ ಕೆಟ್ಟಿದ್ದು ಇನ್ನೊಂದು ತಾಪತ್ರಯಕ್ಕೆ. ಕೆಲವು ಸಲ ಸದ್ದೇ ಇಲ್ಲ, ಲಿವರ್ ಮಾತ್ರ ಒಳಗೆ ಹೋಗುವುದೇ ಇಲ್ಲ. ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿ ನಿಂತಿರುತ್ತದೆ. ಆಗ ಎಷ್ಟು ಕಾದರೂ ಅಷ್ಟೇ, ನಿಂತಿದ್ದು ನಿಂತೇ ಇರುತ್ತದೆ. ಸೆಕೆಂಡ್ ಹಾಕಿದರೂ ಗ್ಯಾರಂಟಿ ಇಲ್ಲ. ಪಕ್ಕದ ಬಿಲ್ಡಿಂಗಿನ ಉಡುಪಿಯವರೊಬ್ಬರು "ಜೋರಾಗಿ ತಳ್ಳಿ ಮಾರಾಯ್ರೆ" ಅಂದರು. ತಳ್ಳಬೇಡಿ. ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜ್ ಹಾಳಾದರೆ ಖರ್ಚು ನಿಮ್ಮದೇ.

ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಒತ್ತಬೇಕು. ಅಷ್ಟರಲ್ಲಿ ಶಾಫ್ಟ್ ತಿರುಗಿ ಹಲ್ಲುಗಳ ಜಾಗ ಬದಲಾಗುತ್ತದೆ. ಮತ್ತೆ ಸೆಕೆಂಡ್, ಆಮೇಲೆ ರಿವರ್ಸ್. ಒಂದೇ ಸಲಕ್ಕೆ ಬೀಳದಿದ್ದರೆ ಇನ್ನೊಮ್ಮೆ. ರಿಕ್ಷಾದವನು ಅಷ್ಟು ಹೊತ್ತು ಕಾಯಲಿ ಬಿಡಿ.

ಆಯಿಲ್ ಬದಲಿಸಿದ್ದರಿಂದ ಫರ್ಸ್ಟ್, ಸೆಕೆಂಡ್ ಹಗುರಾದವು. ರಿವರ್ಸ್‌ನ ಸದ್ದು ಹಾಗೇ ಇತ್ತು. ಇಲ್ಲದ ಸಿಂಕ್ರೊವನ್ನು ಆಯಿಲ್ ಎಲ್ಲಿಂದ ತರಬೇಕು? ಬದಲಿಸುವುದಾದರೆ ಕಾರಿನ ಪುಸ್ತಕ ನೋಡಿ. ಗೇರ್ ಆಯಿಲಿನ ದರ್ಜೆ ಜಿಎಲ್-4 ಅಂತ ಬರೆದಿದ್ದರೆ ಜಿಎಲ್-5 ಹಾಕಿಸಬೇಡಿ, ಅದರಲ್ಲಿನ ಕೆಲವು ರಾಸಾಯನಿಕಗಳು ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಹುದು.

ಸೆಕೆಂಡ್ ಹಾಕಿದ ಮೇಲೂ ದಿನಾ ಕರ್ರ್ ಅಂದರೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಎಂಜಿನ್ನಿನಿಂದ ಪೂರ್ತಿ ಬೇರ್ಪಡುತ್ತಿಲ್ಲ ಅಂತ ಲೆಕ್ಕ. ಕ್ಲಚ್ ಕೇಬಲ್ ಇರುವ ಗಾಡಿಯಾದರೆ ಮೊದಲು ಅದನ್ನು ಬಿಗಿ ಮಾಡಿಸಿ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸೋಣ ಅಂದರೆ ಆಮೇಲೆ ಮಾತಾಡಿದರಾಯಿತು.