ರಂಗಯ್ಯನ ಗೆರೆ, ಹೆಕೆಲ್‌ನ ಬಣ್ಣ: ದಿನಚರಿಯ ಪುಟಕ್ಕೆ ಯಾವುದು?

ಗಿಡಮರಗಳ ಬಗ್ಗೆ ದಿನಚರಿ ಬರೆಯುವವರಿಗೂ ಕಾಗದದಲ್ಲಿ ಶುಭಾಶಯ ಪತ್ರ, ಬುಕ್‌ಮಾರ್ಕ್ ಮಾಡುವವರಿಗೂ ಹಳೆಯ ಸಸ್ಯಚಿತ್ರಗಳು ಈಗ ಸುಲಭವಾಗಿ ಸಿಗುತ್ತವೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳ ಪುಟಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಅಷ್ಟೊಂದು ರಾಶಿಯಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದೇ ಕಷ್ಟ. ಮೈಸೂರಿನಲ್ಲಿ ಕುಳಿತು ಬರೆಯುವ ನನ್ನ ದಿನಚರಿಗೆ ಹೆಕೆಲ್, ರಾಕ್ಸ್‌ಬರ್ಗ್, ವೈಟ್ ಎಂಬ ಮೂವರು ಹಳೆಯ ಕಾಲದ ವಿಜ್ಞಾನಿಗಳ ಚಿತ್ರಸಂಗ್ರಹಗಳನ್ನೂ ಬಳಸಿ ನೋಡಿದ್ದೇನೆ. ನಮ್ಮ ಊರಿನ ಗಿಡಗಳ ಬಗ್ಗೆ ಬರೆಯುವುದಾದರೆ ವೈಟ್‌ನ ಕಪ್ಪುಬಿಳುಪು ಗೆರೆಚಿತ್ರಗಳಿಗೆ ಸಾಟಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲರೂ ಮೊದಲು ಮನಸೋಲುವುದು ಅರ್ನ್‌ಸ್ಟ್ ಹೆಕೆಲ್‌ಗೆ. 1899ರಿಂದ 1904ರ ನಡುವೆ ಕಂತುಕಂತಾಗಿ ಹೊರಬಂದ ಈ ಜರ್ಮನ್ ಜೀವವಿಜ್ಞಾನಿಯ ಚಿತ್ರಸಂಗ್ರಹದಲ್ಲಿ 100 ಚಿತ್ರಫಲಕಗಳಿವೆ. ಲೋಳೆಮೀನು, ಕಡಲಿನ ಸೂಕ್ಷ್ಮಜೀವಿ, ಆರ್ಕಿಡ್ ಎಲ್ಲವೂ ರಂಗೋಲಿಯ ಹಾಗೆ ನಡುವಿನಿಂದ ಸಮನಾಗಿ ಅರಳಿಕೊಂಡಿವೆ. ಕತ್ತರಿ ಹಿಡಿದವರಿಗೆ ಇದು ಹಬ್ಬವೇ ಸರಿ. ದುಂಡಗಿನ ಆಕೃತಿಗಳನ್ನು ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೋ ಶುಭಾಶಯ ಪತ್ರಕ್ಕೋ ಅಂಟಿಸಿದರೆ ಬೇರೆ ಅಲಂಕಾರ ಬೇಕಿಲ್ಲ. ಆದರೆ ಕುಕ್ಕರಹಳ್ಳಿ ಕೆರೆಯ ಏರಿಯ ಬಗ್ಗೆ ಬರೆದ ಪುಟದಲ್ಲಿ ಸಾಗರದಾಳದ ಜೀವಿ ಅತಿಥಿಯಾಗಿಯೇ ಉಳಿಯುತ್ತದೆ. ಕಪ್ಪು ಹಿನ್ನೆಲೆಯ ಫಲಕಗಳು ಬಹಳಷ್ಟು ಶಾಯಿಯನ್ನೂ ಕುಡಿಯುತ್ತವೆ.

ವಿಲಿಯಂ ರಾಕ್ಸ್‌ಬರ್ಗ್‌ನ ಕೋರಮಂಡಲ ತೀರದ ಸಸ್ಯಗಳ ಸಂಪುಟಗಳು ನಮಗೆ ಹತ್ತಿರದವು. 1795ರಿಂದ 1820ರವರೆಗೆ ಲಂಡನ್ನಿನಲ್ಲಿ ಪ್ರಕಟವಾದ 300 ಫಲಕಗಳಿವು. ಮೂಲಚಿತ್ರ ಬರೆದವರು ಭಾರತೀಯ ಕಲಾವಿದರು. ಮುತ್ತುಗದ ಹೂವಿನ ಫಲಕ ತೆರೆದಾಗಲಂತೂ ಪರದೆಯ ಮುಂದಿನಿಂದ ಏಳಲು ಮನಸ್ಸೇ ಬರುವುದಿಲ್ಲ. ತೊಂದರೆ ಗಾತ್ರದ್ದು. ದೊಡ್ಡ ಹಾಳೆಗೆಂದು ಬರೆದ ಚಿತ್ರವನ್ನು ಎ5 ಪುಟಕ್ಕೆ ಕುಗ್ಗಿಸಿದರೆ ಎಲೆಯ ನರಗಳು ಮಸುಕಾಗುತ್ತವೆ. ಅದಕ್ಕಾಗಿ ಇಡೀ ಕೊಂಬೆಯನ್ನು ಬಿಟ್ಟು, ಫಲಕದ ಕೆಳತುದಿಯಲ್ಲಿ ಬಿಡಿಬಿಡಿಯಾಗಿ ಬರೆದಿರುವ ಕೇಸರ, ಕಾಯಿ, ಬೀಜಗಳನ್ನಷ್ಟೇ ಆರಿಸಿಕೊಳ್ಳಿ. ಪುಟದ ಅಂಚಿಗೆ ಹೇಳಿಮಾಡಿಸಿದ ತುಣುಕುಗಳು ಅವು.

ಇನ್ನು ರಾಬರ್ಟ್ ವೈಟ್. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ದಕ್ಷಿಣ ಭಾರತದಲ್ಲಿ ದುಡಿದ ಈತ 1838ರಿಂದ 1853ರವರೆಗೆ ಮದ್ರಾಸಿನಲ್ಲಿ 2,101 ಸಸ್ಯಚಿತ್ರಗಳನ್ನು ಅಚ್ಚು ಹಾಕಿಸಿದ. ಅವನ್ನು ಬರೆದವರಲ್ಲಿ ಮುಖ್ಯರಾದವರು ರಂಗಯ್ಯ, ಆತನ ನಂತರ ಗೋವಿಂದು. ಇವರ ಹೆಸರು ನಮಗೆ ತಿಳಿದಿರುವುದೇ ದೊಡ್ಡ ಸಂಗತಿ. ಆ ಕಾಲದ ಎಷ್ಟೋ ಕಲಾವಿದರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಗೋವಿಂದುವಿನ ಗೌರವಾರ್ಥ ವೈಟ್ ಒಂದು ಆರ್ಕಿಡ್ ಕುಲಕ್ಕೆ ಆತನ ಹೆಸರನ್ನೇ ಇಟ್ಟಿದ್ದ. ಈ ಚಿತ್ರಗಳನ್ನು ಅಂಟಿಸಿದ ಪುಟದಲ್ಲಿ ಕಲಾವಿದರ ಹೆಸರನ್ನೂ ನಾನು ತಪ್ಪದೆ ಬರೆಯುತ್ತೇನೆ.

ಗೆರೆ ಮಾತ್ರ ಇರುವುದರಿಂದ ಸಣ್ಣದಾಗಿಸಿದರೂ ಚಿತ್ರ ಕೆಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಣ್ಣ ತುಂಬುವ ಕೆಲಸ ನಮ್ಮ ಪಾಲಿಗೆ ಉಳಿಯುತ್ತದೆ. ಹೊಂಗೆಯ ಚಿತ್ರ ಅಂಟಿಸಿದ ಮೇಲೆ ಹೂವಿಗೆ ಯಾವ ಬಣ್ಣ ಹಾಕುವುದು? ಮರದ ಕೆಳಗೆ ಹೋಗಿ ನೋಡಲೇಬೇಕು. ಬೇಸಿಗೆಯ ಆರಂಭದಲ್ಲಿ ನೆಲಕ್ಕೆ ಹಾಸಿದಂತೆ ಬಿದ್ದಿರುವ ಹೂವನ್ನು ಅಂಗೈಯಲ್ಲಿ ಇಟ್ಟುಕೊಂಡಾಗಲೇ ಅದು ಬರೀ ಬಿಳಿಯಲ್ಲ, ತಿಳಿ ನೇರಳೆಯ ಛಾಯೆಯುಳ್ಳದ್ದು, ತೊಟ್ಟಿನ ಬಳಿ ಕಂದು ಎಂದು ಕಣ್ಣಿಗೆ ಬೀಳುತ್ತದೆ. ಬಣ್ಣ ತುಂಬಿಯೇ ಬರುವ ಚಿತ್ರ ನನ್ನನ್ನು ಹೀಗೆ ಮನೆಯಿಂದ ಎಬ್ಬಿಸಿ ಕಳುಹಿಸಿದ್ದಿಲ್ಲ. ಅಮೃತಬಳ್ಳಿಯ ಗೆರೆಚಿತ್ರವನ್ನು ನೋಡಿದ ಎದುರುಮನೆಯ ಅಜ್ಜಿ ಹೆಸರು ಓದದೆಯೇ ಗುರುತಿಸಿದರು. ಕಷಾಯದ ವಿಧಾನವನ್ನೂ ಹೇಳಿದರು, ಅದೂ ಪುಟ ಸೇರಿತು. ಒಂದು ಎಚ್ಚರಿಕೆ: ಫಲಕಗಳ ಮೇಲಿನ ಲ್ಯಾಟಿನ್ ಹೆಸರುಗಳಲ್ಲಿ ಅನೇಕವು ಈಗ ಬದಲಾಗಿವೆ. ಇಂದಿನ ಹೆಸರನ್ನು ಕೆಳಗೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮುದ್ರಣದ ವಿಷಯದಲ್ಲಿಯೂ ವೈಟ್‌ನದೇ ಅನುಕೂಲ. ಯಾವ ಜೆರಾಕ್ಸ್ ಅಂಗಡಿಯ ಕಪ್ಪುಬಿಳುಪು ಲೇಸರ್ ಯಂತ್ರವೂ ಸಾಕು. ಲೇಸರ್‌ನ ಟೋನರ್ ಎಂಬುದು ಬಿಸಿಯಿಂದ ಕಾಗದಕ್ಕೆ ಬೆಸೆದ ಪ್ಲಾಸ್ಟಿಕ್ ಪುಡಿ. ಅದರ ಮೇಲೆ ಜಲವರ್ಣ ಹಚ್ಚಿದರೂ ಗೆರೆ ಕದಡುವುದಿಲ್ಲ. ಮಾಮೂಲಿ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಹಾಳೆ ನೀರಿಗೆ ಸುಕ್ಕುಗಟ್ಟುತ್ತದೆ. 120 ಜಿಎಸ್‌ಎಂ ಹಾಳೆಯನ್ನು ನಾವೇ ಒಯ್ದರೆ ವಾಸಿ. ಮನೆಯ ಇಂಕ್‌ಜೆಟ್‌ನಲ್ಲಿ ಬಣ್ಣದ ಛಾಯೆಗಳು ಮೃದುವಾಗಿ ಬರುತ್ತವೆ, ನಿಜ. ಆದರೆ ಅದರ ಡೈ ಶಾಯಿ, ಅಂದರೆ ನೀರಿನಲ್ಲಿ ಕರಗುವ ಬಣ್ಣದ ಶಾಯಿ, ಒದ್ದೆ ಅಂಟು ತಗುಲಿದರೆ ಹರಡುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಟೋನರ್‌ಗೂ ಒಂದು ದೋಷವಿದೆ: ದಟ್ಟ ಕಪ್ಪಿರುವ ಕಡೆ ಕಾಗದ ಮಡಚಿದರೆ ಬಿರುಕು ಬಿಡುತ್ತದೆ. ಮಡಚುವ ಶುಭಾಶಯ ಪತ್ರಕ್ಕೆ ಹೆಕೆಲ್‌ನ ಕಪ್ಪು ಫಲಕವನ್ನು ಲೇಸರ್‌ನಲ್ಲಿ ತೆಗೆಸಬೇಡಿ.

ಸ್ಕ್ಯಾನ್‌ನಲ್ಲಿರುವ ಹಳೆಯ ಕಾಗದದ ಹಳದಿಯನ್ನೂ ಹಾಗೆಯೇ ಮುದ್ರಿಸಿದರೆ ಬಿಳಿ ಪುಟದ ಮೇಲೆ ತೇಪೆ ಹಚ್ಚಿದಂತೆ ಕಾಣುತ್ತದೆ. ಮೊಬೈಲ್‌ನಲ್ಲಿಯೇ ಹಿನ್ನೆಲೆಯನ್ನು ಬಿಳಿಯಾಗಿಸಿ ಕೆನೆಬಣ್ಣದ ಹಾಳೆಯ ಮೇಲೆ ಮುದ್ರಿಸಿದರೆ ಎಷ್ಟೋ ಹೊಂದುತ್ತದೆ. ಅಗಲ 10 ಸೆಂಟಿಮೀಟರ್ ಬೇಕಿದ್ದರೆ ಕಡತದಲ್ಲಿ ಸುಮಾರು 1,200 ಪಿಕ್ಸೆಲ್ ಇರಲಿ. ಅಂಟಿಗೆ ಗ್ಲೂ ಸ್ಟಿಕ್ ಸಾಕು. ಬಿಳಿ ಅಂಟು ಹಿಡಿತದಲ್ಲಿ ಗಟ್ಟಿಯಾದರೂ ತುಸು ಹೆಚ್ಚಾದರೆ ಪುಟ ಉಬ್ಬುತ್ತದೆ. ಮೈದಾ ಅಂಟನ್ನು ಮಳೆಗಾಲದಲ್ಲಿ ಬಳಸಬೇಡಿ, ಬೂಷ್ಟು ಬರುತ್ತದೆ.

ಸ್ಟೇಷನರಿ ಅಂಗಡಿಯ ಸ್ಟಿಕ್ಕರ್ ಕಟ್ಟುಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ಯೂರೋಪಿನ ಅಣಬೆ, ಗುಲಾಬಿಗಳೇ. ಚಿತ್ರ ಯಾರದು ಎಂಬ ಸುಳಿವೂ ಇರಲಿಲ್ಲ. ಹಳೆಯ ಪುಸ್ತಕಗಳ ಪುಟ ಹರಿದು ಅಂಟಿಸುವ ಪದ್ಧತಿಯನ್ನಂತೂ ನಾನು ಒಪ್ಪುವುದಿಲ್ಲ. ಉಚಿತ ಪ್ರತಿ ಸಿಗುವಾಗ ಉಳಿದಿರುವ ಮೂಲಕ್ಕೆ ಕತ್ತರಿ ಹಾಕುವುದು ಅನ್ಯಾಯ.

ಹಕ್ಕಿಗಳ ವಿಷಯಕ್ಕೆ ಬಂದರೆ ಮಾತ್ರ ನನ್ನ ಆಯ್ಕೆ ಬಣ್ಣದ ಚಿತ್ರವೇ. ಕಾವೇರಿ ತೀರದ ಗದ್ದೆ ಮಿಂಚುಳ್ಳಿಯ ನೀಲಿ ಬೆನ್ನು, ಕೆಂಪು ಕೊಕ್ಕನ್ನು ಹಾರಿಹೋದ ಮೇಲೆ ನೆನಪಿನಿಂದ ತುಂಬುವುದು ನನ್ನ ಕೈಲಾಗದ ಕೆಲಸ. ಅದಕ್ಕೆ 1868ರಿಂದ 1871ರ ನಡುವೆ ಬಂದ, ಡಚ್ ಚಿತ್ರಕಾರ ಕ್ಯೂಲೆಮನ್ಸ್ ಚಿತ್ರಿಸಿದ ಮಿಂಚುಳ್ಳಿಗಳ ಸಂಪುಟವಿದೆ. ಶ್ರೀರಂಗಪಟ್ಟಣದ ಪುಟಗಳಿಗೆಲ್ಲ ಅದನ್ನೇ ಇಂಕ್‌ಜೆಟ್‌ನಲ್ಲಿ, ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಮುದ್ರಿಸಿ, ಒಣ ಗ್ಲೂ ಸ್ಟಿಕ್‌ನಿಂದ ಅಂಟಿಸುತ್ತೇನೆ.