ಔಟ್‌ಫೀಲ್ಡರ್ ಒಬ್ಬರ ಬಾಳನ್ನು ಅಂಕಿಗಳಲ್ಲಿ ಓದುವುದು: ಬೇಸ್‌ಬಾಲ್ ರೆಫರೆನ್ಸ್ ಜಾಲತಾಣದ ವಿಮರ್ಶೆ

ಷಾನ್ ಫೋರ್ಮನ್ ಅವರು 2000ರಲ್ಲಿ ಆರಂಭಿಸಿದ ಬೇಸ್‌ಬಾಲ್ ರೆಫರೆನ್ಸ್ ಜಾಲತಾಣದಲ್ಲಿ, ಅಮೆರಿಕದ ಮೇಜರ್ ಲೀಗ್‌ಗಳಲ್ಲಿ ಒಂದೇ ಒಂದು ಪಂದ್ಯ ಆಡಿದವರಿಗೂ ಒಂದು ಪುಟವಿದೆ. ಅದನ್ನು ಓದಲು ಹಣ ಕೊಡಬೇಕಾಗಿಲ್ಲ. ಆದರೆ ಬೇಲಿಯ ಹತ್ತಿರ ನಿಂತು ಚೆಂಡು ಕಾಯುವ ಔಟ್‌ಫೀಲ್ಡರ್‌ನ ಬಾಳನ್ನು ಅರಿಯಲು ಈ ಸೇವೆ ಎಷ್ಟು ನೆರವಾಗುತ್ತದೆ ಎಂಬುದನ್ನು ತೂಗಿನೋಡಬೇಕಾಗುತ್ತದೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ರೈಟ್ ಫೀಲ್ಡರ್ (ಬಲಬದಿಯ ಔಟ್‌ಫೀಲ್ಡರ್) ರಾಬರ್ಟೊ ಕ್ಲೆಮೆಂಟೆ ಅವರ ಪುಟ ಅದಕ್ಕೆ ತಕ್ಕ ಪರೀಕ್ಷೆ.

ಪುಟದ ಮೇಲ್ಭಾಗದಲ್ಲಿ ಮುಖ್ಯ ಸಂಗತಿಗಳೆಲ್ಲ ಸಿಗುತ್ತವೆ: 1934ರ ಆಗಸ್ಟ್ 18ರಂದು ಪೋರ್ಟೊ ರಿಕೊದ ಕರೊಲಿನಾದಲ್ಲಿ ಜನನ, 1955ರಿಂದ 1972ರವರೆಗೆ ಒಂದೇ ತಂಡದಲ್ಲಿ 18 ಋತುಗಳು, ಸರಿಯಾಗಿ 3,000 ಹಿಟ್‌ಗಳು (ಬ್ಯಾಟರ್‌ನನ್ನು ಬೇಸ್ ತಲುಪಿಸಿದ ಹೊಡೆತಗಳು), 240 ಹೋಮ್ ರನ್‌ಗಳು, .317 ಬ್ಯಾಟಿಂಗ್ ಸರಾಸರಿ (ಅಂದರೆ ಸಾವಿರ ಅವಕಾಶಗಳಿಗೆ 317 ಹಿಟ್‌ಗಳ ಲೆಕ್ಕ). ಅದರ ಕೆಳಗಿನ ಕೋಷ್ಟಕದಲ್ಲಿ ಪ್ರತಿ ಋತುವಿಗೂ ಒಂದೊಂದು ಸಾಲು. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದ ಅಂಕಿ ದಪ್ಪ ಅಕ್ಷರದಲ್ಲಿರುವುದರಿಂದ 1961, 1964, 1965 ಮತ್ತು 1967ರ ಬ್ಯಾಟಿಂಗ್ ಪ್ರಶಸ್ತಿಗಳು ಹುಡುಕದೆಯೇ ಕಣ್ಣಿಗೆ ಬೀಳುತ್ತವೆ. ಹೆಚ್ಚಿನ ಓದುಗರು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಏಕೆಂದರೆ ಕ್ಲೆಮೆಂಟೆ ಅವರ ನಿಜವಾದ ಅಸಾಧಾರಣತೆ ಇರುವುದು ಇನ್ನೂ ಕೆಳಗೆ, ಫೀಲ್ಡಿಂಗ್ ಕೋಷ್ಟಕದಲ್ಲಿ. ಅಲ್ಲಿ ಮೊದಲು ನೋಡಬೇಕಾದದ್ದು ಅಸಿಸ್ಟ್ ಎಂಬ ಕಂಬಸಾಲನ್ನು. ಔಟ್‌ಫೀಲ್ಡರ್ ಎಸೆದ ಚೆಂಡಿನಿಂದ ಓಟಗಾರ ಔಟಾದಾಗ ಎಸೆದವರ ಲೆಕ್ಕಕ್ಕೆ ಸೇರುವ ಅಂಕಿ ಅದು. ಔಟ್‌ಫೀಲ್ಡರ್ ಆಗಿ ಅವರ ಅಸಿಸ್ಟ್‌ಗಳು ಒಟ್ಟು 266. 1961ರ ಒಂದೇ ಋತುವಿನಲ್ಲಿ 27. ಐದು ಋತುಗಳಲ್ಲಿ ಎರಡು ಮೇಜರ್ ಲೀಗ್‌ಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಔಟ್‌ಫೀಲ್ಡರ್‌ಗಳ ಪೈಕಿ ಅವರೇ ಮುಂದೆ. 1961ರಿಂದ 1972ರವರೆಗೆ ಸತತವಾಗಿ ಬಂದ ಹನ್ನೆರಡು ಗೋಲ್ಡ್ ಗ್ಲವ್ (ಶ್ರೇಷ್ಠ ಫೀಲ್ಡಿಂಗ್) ಪ್ರಶಸ್ತಿಗಳನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಿದರೆ, ರೈಟ್ ಫೀಲ್ಡ್‌ನಿಂದ ಮೂರನೆಯ ಬೇಸ್‌ವರೆಗಿನ ಆ ಉದ್ದನೆಯ ಎಸೆತ ಎದುರಾಳಿ ತಂಡಗಳಿಗೆ ಏನಾಗಿತ್ತೆಂಬುದು ಊಹೆಗೆ ಸಿಗುತ್ತದೆ. ಆದರೆ ಇದೇ ಅಂಕಿಯನ್ನು ಎಚ್ಚರದಿಂದ ಓದಬೇಕಾದ ಕಾರಣವೂ ಇದೆ. ತೋಳಿನ ಕೀರ್ತಿ ಹರಡಿದ ಮೇಲೆ ಓಟಗಾರರು ಮುಂದಿನ ಬೇಸ್‌ಗೆ ಓಡುವ ಸಾಹಸವನ್ನೇ ಮಾಡುವುದಿಲ್ಲ. ಓಡದವನನ್ನು ಔಟ್ ಮಾಡಲಾಗದು, ಅಸಿಸ್ಟ್ ಕೂಡ ದಾಖಲಾಗದು. ಹೀಗಾಗಿ ಅಸಿಸ್ಟ್ ಇಳಿದ ವರ್ಷವೊಂದನ್ನು ಕಂಡ ಕೂಡಲೇ ತೋಳು ದಣಿಯಿತೆಂದು ತೀರ್ಮಾನಿಸುವ ಓದುಗರು ಆಟಗಾರನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಈ ಸೇವೆಯ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ಪಂದ್ಯದಿಂದ ಪಂದ್ಯಕ್ಕೆ ಸಾಗುವ ದಿನಚರಿ. 1972ರ ಸೆಪ್ಟೆಂಬರ್ 30ರ ಸಾಲಿನಲ್ಲಿ ಒಂದು ಡಬಲ್ (ಎರಡನೆಯ ಬೇಸ್‌ವರೆಗೆ ತಲುಪಿಸುವ ಹಿಟ್) ಇದೆ. ಮೆಟ್ಸ್ ತಂಡದ ಜಾನ್ ಮ್ಯಾಟ್ಲ್ಯಾಕ್ ಅವರ ಎಸೆತಕ್ಕೆ ಹೊಡೆದ ಆ ಹಿಟ್ಟೇ ಮೂರು ಸಾವಿರನೆಯದು. ಆ ಋತುವಿನ ಕೊನೆಯ ಸಾಲು ಅಕ್ಟೋಬರ್ 3ರದ್ದು. ಅಂದು ಅವರು ಬ್ಯಾಟ್ ಹಿಡಿಯಲಿಲ್ಲ, ಫೀಲ್ಡಿಂಗ್‌ಗಷ್ಟೇ ಇಳಿದರು. ಪ್ರತಿ ಋತುವಿನ ಲೀಗ್ ಪಂದ್ಯಗಳು ಮುಗಿದ ಮೇಲೆ ನಡೆಯುವ ಪ್ಲೇಆಫ್ ಪಂದ್ಯಗಳಿಗೆ ಬೇರೆ ಕೋಷ್ಟಕವಿದೆ. 1971ರ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ .414 ಸರಾಸರಿಯೊಂದಿಗೆ ಅವರು ಸರಣಿಯ ಶ್ರೇಷ್ಠ ಆಟಗಾರರಾದದ್ದನ್ನೂ ಅಲ್ಲೇ ಕಾಣಬಹುದು.

ಬಾಳಿನ ವಿಷಯಕ್ಕೆ ಬಂದರೆ ಪುಟ ಬಹುಮಟ್ಟಿಗೆ ಮೌನ ವಹಿಸುತ್ತದೆ. ಬ್ರೂಕ್ಲಿನ್ ಡಾಜರ್ಸ್ ತಂಡದೊಂದಿಗೆ 1954ರ ಫೆಬ್ರವರಿಯಲ್ಲಿ ಒಪ್ಪಂದವಾದದ್ದೂ ಅದೇ ವರ್ಷದ ನವೆಂಬರ್‌ನಲ್ಲಿ ಪೈರೇಟ್ಸ್ ತಂಡ ಕ್ಲೆಮೆಂಟೆ ಅವರನ್ನು ಆಯ್ದುಕೊಂಡದ್ದೂ ಎರಡು ಸಾಲುಗಳಲ್ಲಿ ಮುಗಿದಿವೆ. 4,000 ಡಾಲರ್‌ಗಿಂತ ಹೆಚ್ಚು ಬೋನಸ್ ಪಡೆದ ಹೊಸ ಆಟಗಾರನನ್ನು ಮುಖ್ಯ ತಂಡದಲ್ಲಿ ಇರಿಸಿಕೊಳ್ಳದಿದ್ದರೆ ಅವನು ಕೈತಪ್ಪಿ ಹೋಗಬಹುದೆಂಬ ಆ ಕಾಲದ ನಿಯಮ, ಅದು ಗೊತ್ತಿದ್ದೂ ಡಾಜರ್ಸ್ ಅವರನ್ನು ಮಾಂಟ್ರಿಯಲ್‌ನ ಕೆಳಹಂತದ ತಂಡಕ್ಕೆ ಕಳುಹಿಸಿದ್ದು, ಕೊನೆಯ ಸ್ಥಾನದಲ್ಲಿದ್ದ ಪೈರೇಟ್ಸ್ ಮೊದಲು ಆರಿಸುವ ಹಕ್ಕು ಬಳಸಿ ಅವರನ್ನು ಸೆಳೆದುಕೊಂಡದ್ದು, ಇವು ಬೇರೆಡೆ ಓದಿ ತಿಳಿಯಬೇಕಾದ ಸಂಗತಿಗಳು. ಮರಣದ ದಿನಾಂಕವೂ ಹಾಗೆಯೇ: 1972ರ ಡಿಸೆಂಬರ್ 31 ಎಂದಷ್ಟೇ ಕಾಣುತ್ತದೆ. ಭೂಕಂಪಕ್ಕೆ ತುತ್ತಾದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಅವರು ತೀರಿಕೊಂಡರೆಂದು ತಿಳಿದ ಮೇಲೆಯೇ, ಆಟ ನಿಲ್ಲಿಸಿದ ಮೇಲೆ ಐದು ವರ್ಷ ಕಾಯುವ ನಿಯಮವನ್ನು ಬದಿಗಿಟ್ಟು 1973ರಲ್ಲೇ ಅವರನ್ನು ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದೇಕೆ ಎಂಬುದು ಅರ್ಥವಾಗುತ್ತದೆ.

ಇದನ್ನು ನಾನು ಜಾಲತಾಣದ ದೋಷವೆನ್ನಲಾರೆ; ಅದು ಕೈಗೆತ್ತಿಕೊಂಡಿರುವ ಕೆಲಸ ಲೆಕ್ಕ ಇಡುವುದು, ಆ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ. ಪುಟಗಳಲ್ಲಿ ಜಾಹೀರಾತುಗಳಿವೆ, ಮೊಬೈಲ್ ಪರದೆಯಲ್ಲಿ ಅಗಲವಾದ ಕೋಷ್ಟಕಗಳನ್ನು ಪಕ್ಕಕ್ಕೆ ಸರಿಸುತ್ತಾ ಓದಬೇಕು. ಹಾಗಾಗಿ ಕಂಪ್ಯೂಟರ್‌ನಲ್ಲಿ ನೋಡುವುದು ಉತ್ತಮ. ಹಲವು ಆಟಗಾರರ ಅಂಕಿಗಳನ್ನು ಜಾಲಾಡಿ ಹೋಲಿಸುವ ಸ್ಟ್ಯಾಟ್‌ಹೆಡ್ ಎಂಬ ಸೌಲಭ್ಯಕ್ಕೆ ಚಂದಾ ಇದೆ, ಆದರೆ ಒಬ್ಬರೇ ಆಟಗಾರರ ವೃತ್ತಿಜೀವನ ಓದುವವರಿಗೆ ಅದು ಬೇಕಾಗದು. ಅಮೆರಿಕನ್ ಬೇಸ್‌ಬಾಲ್ ಸಂಶೋಧನಾ ಸಂಘ ಉಚಿತವಾಗಿ ಒದಗಿಸಿರುವ ಆಟಗಾರರ ಜೀವನಚರಿತ್ರೆಗಳನ್ನು ಜೊತೆಗಿಟ್ಟುಕೊಂಡು, ಫೀಲ್ಡಿಂಗ್ ಕೋಷ್ಟಕದಿಂದಲೇ ಓದು ಆರಂಭಿಸಿ ಎಂದು ಸಲಹೆ ನೀಡುತ್ತೇನೆ.