ಸ್ಟೂಡೆಂಟ್ ಕಾರ್ಡ್ ಜೊತೆ ನಾಲ್ಕು ವರ್ಷ, ಮತ್ತು ನಾನು ‘ಸೆಟಲ್’ ಆದದ್ದು

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ತಗೊಂಡ ಕ್ರೆಡಿಟ್ ಕಾರ್ಡ್ ಇದು. ಭದ್ರತೆಗೆ ಎಫ್‌ಡಿ ಕೇಳಲಿಲ್ಲ, ಅಪ್ಪನ ಸಹಿಯೂ ಕೇಳಲಿಲ್ಲ. ಲಿಮಿಟ್ 30 ಸಾವಿರ. ಪಾಯಿಂಟು, ಆಫರು ಎಲ್ಲ ಬ್ಯಾಂಕಿನವರೇ ದೊಡ್ಡ ಅಕ್ಷರದಲ್ಲಿ ಹಾಕಿಕೊಂಡಿದ್ದಾರೆ, ಬಿಡಿ.

ಮೊದಲ ವರ್ಷ ನಿಜಕ್ಕೂ ಚೆನ್ನಾಗಿತ್ತು. ಪ್ರತಿ ತಿಂಗಳು 12ಕ್ಕೆ ಬಿಲ್ ಬರುತ್ತಿತ್ತು. ಅವತ್ತು ಸಂಜೆ ಮಂಡಕ್ಕಿ ಪೊಟ್ಟಣ ಹಿಡಿದು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತರೆ, ಒಂದೊಂದೇ ಸಾಲು ಓದುತ್ತಿದ್ದೆ. ಊರಿನ ಬಸ್ ಟಿಕೆಟ್, ರೀಚಾರ್ಜ್, ರೂಮ್‌ಮೇಟ್‌ಗೆ ತೆಗೆಸಿಕೊಟ್ಟ ಶೂ. ಪೈಸೆ ಸಮೇತ ಕಟ್ಟಿ, ಬಾಕಿ ಸೊನ್ನೆ ಅಂತ ತೋರಿಸಿದ್ದನ್ನು ಸುಮ್ನೆ ಇನ್ನೊಂದ್ಸಲ ನೋಡುತ್ತಿದ್ದೆ.

ಕೊನೇ ವರ್ಷ ಲ್ಯಾಪ್‌ಟಾಪ್ ಕೆಟ್ಟಿತು. ಆ ತಿಂಗಳ ಬಿಲ್ 18,000. ಪಕ್ಕದಲ್ಲೇ ‘ಮಿನಿಮಮ್ 900’ ಅಂತಿತ್ತು, ಅಂದರೆ ಸದ್ಯಕ್ಕೆ ಕಡಿಮೆ ಅಂದರೆ ಇಷ್ಟು ಕಟ್ಟಬೇಕು ಅಂತ. ಅಷ್ಟೇ ಕಟ್ಟಿದೆ. ಮುಂದಿನ ಬಿಲ್‌ನಲ್ಲಿ ತಿಂಗಳಿಗೆ 3.5%ರಂತೆ ಬಡ್ಡಿ 630, ಅದರ ಮೇಲೆ 18% ಜಿಎಸ್‌ಟಿ 113. ಅಂದರೆ ನನ್ನ 900ರಲ್ಲಿ ಸಾಲ ಕರಗಿದ್ದು 157 ರೂಪಾಯಿ! ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಹಳೇ ಬಾಕಿ ಉಳಿದಿದ್ದರೆ, ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿನಿಂದಲೇ ಬಡ್ಡಿ ಶುರು. ಆದರೂ ಉಜ್ಜಿದೆ. ಅದು ನನ್ನದೇ ತಪ್ಪು.

ಡಿಗ್ರಿ ಮುಗಿದರೂ ಕೆಲಸ ಸಿಗಲಿಲ್ಲ. ಬಾಕಿ 31,000 ದಾಟಿತು. ವಸೂಲಿಯವರು ಬೆಳಿಗ್ಗೆ ಆರೂವರೆಗೇ ಫೋನ್ ಮಾಡುತ್ತಿದ್ದರು. ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಮಾಡಬಾರದು ಅಂತ ಆರ್‌ಬಿಐ ನಿಯಮ ಇರೋದು ಆಮೇಲೆ ತಿಳಿಯಿತು. ಒಂದು ದಿನ ಅವರೇ ಮೆತ್ತಗೆ ಮಾತಾಡಿದರು: "ಒಂದೇ ಸಲ 17,000 ಕಟ್ಟಿ ಸರ್, ಸೆಟಲ್ ಮಾಡಿಕೊಡ್ತೀವಿ." ಅಪ್ಪ ಚೀಟಿ ಎತ್ತಿ ಕೊಟ್ಟರು. "ಅಂತೂ ಸೆಟಲ್ ಆಯ್ತಲ್ಲ ಮಗಾ" ಅಂದರು.

ನಮ್ಮ ಕಡೆ ಹುಡುಗ ಸೆಟಲ್ ಆದ ಅಂದರೆ ಒಳ್ಳೇ ಸುದ್ದಿ ಅಲ್ವಾ? ಕೆಲಸ ಸಿಕ್ಕಿತು, ಇನ್ನು ಹೆಣ್ಣು ನೋಡಬಹುದು ಅಂತ. ಸಾಲ ಹೇಗೆ ತೀರಿಸಿದ್ದೇವೆ ಅಂತ ತೋರಿಸೋ ಕ್ರೆಡಿಟ್ ರಿಪೋರ್ಟ್‌ನಲ್ಲಿ ಅದೇ ಪದಕ್ಕೆ ‘ಇವನು ಪೂರ್ತಿ ಕಟ್ಟಲಿಲ್ಲ’ ಅಂತ ಅರ್ಥ. ಬೆಂಗಳೂರಲ್ಲಿ ಕೆಲಸ ಸಿಕ್ಕಿ ಬೈಕ್ ಸಾಲ ಕೇಳಿದಾಗಲೇ ಇದು ಗೊತ್ತಾಗಿದ್ದು. ಶೋರೂಮ್ ಹುಡುಗ ಸ್ಕ್ರೀನ್ ನನ್ನ ಕಡೆ ತಿರುಗಿಸಿ, "ಇದೊಂದು ಇದೆಯಲ್ಲ ಸರ್" ಅಂದ. ಫೋನ್‌ನಲ್ಲಿ ಅಷ್ಟು ಮಾತಾಡಿದವರು ಇದನ್ನೊಂದು ಹೇಳಬಹುದಿತ್ತು. ಹೇಳಿದ್ದರೆ ಇನ್ನಾರು ತಿಂಗಳು ಒದ್ದಾಡಿಯಾದರೂ ಕಂತಿನಲ್ಲಿ ಪೂರ್ತಿ ಕಟ್ಟುತ್ತಿದ್ದೆ.

ಕೊನೆಗೆ ಬ್ಯಾಂಕಿಗೇ ಹೋದೆ. ಕೌಂಟರ್‌ನಲ್ಲಿದ್ದ ಮೇಡಂ ಪೂರ್ತಿ ಕೇಳಿಸಿಕೊಂಡರು. "ಬಿಟ್ಟುಕೊಟ್ಟಿದ್ದ ಉಳಿದ ದುಡ್ಡು ಕಟ್ಟಿಬಿಡಪ್ಪ, ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂಸ್ ಪತ್ರ ತಗೋ. ಆಮೇಲೆ ರಿಪೋರ್ಟ್‌ನಲ್ಲಿ ಕ್ಲೋಸ್ಡ್ ಅಂತ ಬದಲಾಯಿಸೋಕೆ ಅರ್ಜಿ ಕೊಡು" ಅಂದರು. ಸಂಬಳದಲ್ಲಿ ಉಳಿಸಿ 14,000 ಕಟ್ಟಿದೆ. ವರ್ಷಕ್ಕೊಂದು ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಈ ಸಲದ್ದರಲ್ಲಿ ಆ ಪದ ಹೋಗಿದೆ. ತಡವಾಗಿ ಕಟ್ಟಿದ ತಿಂಗಳುಗಳು ಮಾತ್ರ ಹಾಗೇ ಕೂತಿವೆ.

ಈಗ 15,000 ಎಫ್‌ಡಿ ಇಟ್ಟು ಬೇರೆ ಕಾರ್ಡ್ ತಗೊಂಡಿದ್ದೇನೆ. ಆಟೋ ಪೇ ಹಾಕಿದ್ದೇನೆ, ಪೂರ್ತಿ ಮೊತ್ತಕ್ಕೆ. ಮಂಡಕ್ಕಿ ಮತ್ತೆ ಶುರುವಾಗಿದೆ, ದಾವಣಗೆರೆಯ ರುಚಿ ಇಲ್ಲ ಅಷ್ಟೇ.

ಹಳೇ ಕಾರ್ಡಿಗೆ ಎರಡು ಸ್ಟಾರ್. ಒಂದು ಆ ಮೊದಲ ವರ್ಷಕ್ಕೆ, ಇನ್ನೊಂದು ಕೌಂಟರ್ ಮೇಡಂಗೆ.